ಜಗುಲಿಯಿಂದ ದೇವರ ಕೋಣೆಯವರೆಗೆ: ನಮ್ಮ ಮನೆಯ ದೀಪಗಳ ಮಾತು

ಶಿರಸಿಯ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತುಸು ತಿದ್ದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ತಯಾರಿ ನಡೆದಿರುವ ಹೊತ್ತು. ಆದರೂ ಇಷ್ಟು ಜನ ಬಂದು ಕುಳಿತಿದ್ದೀರಿ, ತುಂಬ ಸಂತೋಷ.

ಅಂಗಡಿಗೆ ಹೋಗಿ ಬಲ್ಬ್ ಕೇಳುವಾಗ ಏನಂತ ಕೇಳುತ್ತೀರಿ? 'ಒಂಬತ್ತು ವ್ಯಾಟಿಂದು ಒಂದು ಕೊಡಿ' ಅಂತ ಅಲ್ವಾ? ಮೊದಲು 'ಅರವತ್ತರದ್ದು ಕೊಡಿ' ಅನ್ನುತ್ತಿದ್ದೆವು. ಬಲ್ಬ್ ಬದಲಾಯಿತು, ಕೇಳುವ ರೀತಿ ಬದಲಾಗಲಿಲ್ಲ. ವ್ಯಾಟ್ ಅನ್ನುವುದು ಬಲ್ಬ್ ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ. ಅದು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಲೆಕ್ಕಕ್ಕೆ ಲ್ಯೂಮೆನ್ ಅಂತ ಹೆಸರು. ಡಬ್ಬದ ಮೇಲೆ ಎರಡೂ ಬರೆದಿರುತ್ತದೆ. ನಾವು ಒಂದನ್ನೇ ಓದುತ್ತೇವೆ. ಎಲ್‌ಇಡಿ ಹಾಕಿದ ಮೇಲೂ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಅಕ್ಕಿ ಆರಿಸುವುದಕ್ಕೆ ಬೆಳಕು ಸಾಲುವುದಿಲ್ಲ. ಕರೆಂಟು ಉಳಿಯಿತು, ಸರಿ. ಆದರೆ ಬೇಕಾದ ಜಾಗಕ್ಕೆ ಬೇಕಾದ ಬೆಳಕು ಬರಬೇಕಲ್ಲ? ಆ ಕೆಲಸ ಇನ್ನೂ ಬಾಕಿ ಇದೆ. ಇವತ್ತು ಮುಖ್ಯವಾಗಿ ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಹಳೇ ಬಲ್ಬಿನ ವಿಷಯ. ಗಾಜಿನ ಬುರುಡೆಯೊಳಗೆ ಟಂಗ್‌ಸ್ಟನ್ ಲೋಹದ ಸಣ್ಣ ತಂತಿ. ಕರೆಂಟು ಹರಿದಾಗ ಅದು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅಷ್ಟು ಕಾದಿದ್ದಕ್ಕೇ ಬೆಳಗುತ್ತದೆ. ಹೀಗಾಗಿ ಅದು ತಿಂದ ನೂರು ಪಾಲು ಕರೆಂಟಿನಲ್ಲಿ ಸುಮಾರು ಐದು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕು. ಉಳಿದದ್ದೆಲ್ಲ ಶಾಖ. 60 ವ್ಯಾಟಿನ ಬಲ್ಬ್ ಸುಮಾರು 700 ಲ್ಯೂಮೆನ್ ಬೆಳಕು ಕೊಡುತ್ತಿತ್ತು, ಸಾವಿರ ಗಂಟೆ ಉರಿದರೆ ಅದರ ಆಯುಸ್ಸು ಮುಗಿಯುತ್ತಿತ್ತು.

ಇದು ಡಬ್ಬದ ಮೇಲಿನ ಲೆಕ್ಕ. ನಮ್ಮ ಮಲೆನಾಡಿನ ಲೆಕ್ಕ ಬೇರೆ ಇತ್ತು. ಒಂಟಿ ಮನೆಗಳು, ಟ್ರಾನ್ಸ್‌ಫಾರ್ಮರಿನಿಂದ ಮನೆವರೆಗೆ ಉದ್ದದ ಲೈನು, ಬೇಸಿಗೆಯಲ್ಲಿ ತೋಟದ ಪಂಪುಗಳು. ಸಂಜೆ ಏಳಕ್ಕೆ ವೋಲ್ಟೇಜು ಕುಸಿದು ಬಲ್ಬಿನ ತಂತಿ ಕೆಂಡದ ಬಣ್ಣಕ್ಕೆ ತಿರುಗುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಹಳೇ ಬಲ್ಬಿನ ಬೆಳಕು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಕರೆಂಟು ತಿನ್ನುವುದು ಮಾತ್ರ ಅಷ್ಟು ಇಳಿಯುವುದಿಲ್ಲ, ಮೂರರಲ್ಲಿ ಎರಡು ಪಾಲು ತಿನ್ನುತ್ತಲೇ ಇರುತ್ತದೆ. ಅಂದರೆ ಲೈನಿನ ತುದಿಯ ಮನೆಯವರಿಗೆ ಯೂನಿಟ್ಟಿಗೆ ಸಿಗುತ್ತಿದ್ದ ಬೆಳಕು ಪೇಟೆಯವರಿಗಿಂತ ಕಡಿಮೆ. ಎಷ್ಟೋ ಮಕ್ಕಳು ಕರೆಂಟಿದ್ದರೂ ಚಿಮಣಿ ಎಣ್ಣೆ ಲಾಟೀನು ಪಕ್ಕಕ್ಕಿಟ್ಟುಕೊಂಡು ಓದಿದ್ದು ಇದೇ ಕಾರಣಕ್ಕೆ.

ಒಳ್ಳೆ ಎಲ್‌ಇಡಿ ಬಲ್ಬಿನೊಳಗೆ ಡ್ರೈವರ್ ಅಂತ ಒಂದು ಸಣ್ಣ ಸರ್ಕ್ಯೂಟು ಇರುತ್ತದೆ. ಹೊರಗಿನ ವೋಲ್ಟೇಜು ಏರಲಿ ಇಳಿಯಲಿ, ಅದು ಒಳಗಿನ ದೀಪಕ್ಕೆ ಒಂದೇ ಸಮ ಕರೆಂಟು ಕೊಡುತ್ತದೆ. ಡಬ್ಬದ ಮೇಲೆ 140ರಿಂದ 270 ವೋಲ್ಟ್ ಅನ್ನುವ ಥರ ಬರೆದಿದ್ದರೆ ಆ ಮಿತಿಯೊಳಗೆ ಬೆಳಕು ಬದಲಾಗದು ಅಂತ ಅರ್ಥ. ನನ್ನ ಮಟ್ಟಿಗೆ ನಮ್ಮ ಹಳ್ಳಿಗಳಿಗೆ ಎಲ್‌ಇಡಿಯಿಂದ ಆದ ದೊಡ್ಡ ಉಪಕಾರ ಬಿಲ್ಲು ಇಳಿದದ್ದಲ್ಲ, ಇದು. ಆದ್ದರಿಂದ ಲೈನಿನ ತುದಿಯಲ್ಲಿರುವವರು ಬಲ್ಬ್ ಕೊಳ್ಳುವಾಗ ಈ ವೋಲ್ಟೇಜಿನ ಸಾಲನ್ನು ಓದದೆ ದುಡ್ಡು ಕೊಡಬೇಡಿ.

ಮಧ್ಯದಲ್ಲಿ ಸಿಎಫ್‌ಎಲ್ ಅನ್ನುವ, ಮಡಚಿದ ಸಣ್ಣ ಟ್ಯೂಬ್‌ಲೈಟಿನಂಥ ಬಲ್ಬ್ ಬಂತು ಹೋಯಿತು. ಕರೆಂಟು ಉಳಿಸಿತು, ನಿಜ. ಆದರೆ ಒಳಗೆ ಪಾದರಸ. ಹಚ್ಚಿದ ಕೂಡಲೇ ಪೂರ್ತಿ ಬೆಳಗುತ್ತಲೂ ಇರಲಿಲ್ಲ. ಅದರ ಬಗ್ಗೆ ಕೊನೆಗೆ ಒಂದು ಮುಖ್ಯ ಮಾತು ಹೇಳುತ್ತೇನೆ.

ಎಲ್‌ಇಡಿಯ ಕತೆ ಸ್ವಲ್ಪ ಹೇಳಬೇಕು. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ರೇಡಿಯೋದಲ್ಲಿ, ಟೇಪ್ ರೆಕಾರ್ಡರಿನಲ್ಲಿ ಕೆಂಪು ಚುಕ್ಕಿ ಕಾಣುತ್ತಿತ್ತಲ್ಲ, ಅದೇ. ಅದರಿಂದ ಮನೆ ಬೆಳಗುವುದಿಲ್ಲ. ಬಿಳಿ ಬೆಳಕು ಬೇಕಾದರೆ ನೀಲಿ ಬೇಕು. ನೀಲಿ ಬೆಳಕು ಕೊಡುವ ವಸ್ತುವನ್ನು ದೋಷವಿಲ್ಲದ ಹರಳಾಗಿ ಬೆಳೆಸುವುದಕ್ಕೆ ದಶಕಗಳೇ ಹಿಡಿದವು. ಜಪಾನಿನಲ್ಲಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಬೇರೆಯವರು ಕೈಬಿಟ್ಟ ದಾರಿಯನ್ನೇ ಹಿಡಿದು ಅದನ್ನು ಸಾಧಿಸಿದರು. 2014ರ ಭೌತಶಾಸ್ತ್ರದ ನೊಬೆಲ್ ಈ ಮೂವರಿಗೆ ಬಂತು. ಇವತ್ತು ನಿಮ್ಮ ಮನೆಯ ಬಿಳಿ ಬಲ್ಬಿನೊಳಗೆ ಇರುವುದೂ ನೀಲಿ ದೀಪವೇ. ಅದರ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ನೀಲಿಯ ಒಂದಷ್ಟು ಭಾಗ ಆ ಲೇಪದಲ್ಲಿ ಹಳದಿಯಾಗಿ, ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಬಣ್ಣದ ಮಾತು ಬಂದಾಗ ಬೇಕಾಗುತ್ತದೆ.

ನೊಬೆಲ್ ಬಂದ ವರ್ಷ ಈ ಬಲ್ಬ್ ನಮಗೆ ಎಟುಕುತ್ತಿರಲಿಲ್ಲ. 2014ರಲ್ಲಿ ಇಇಎಸ್‌ಎಲ್ ಅನ್ನುವ ಸರ್ಕಾರಿ ಕಂಪನಿ ಸಗಟಾಗಿ ಕೊಂಡಾಗ ಒಂದು ಬಲ್ಬಿಗೆ 310 ರೂಪಾಯಿ ಬಿದ್ದಿತ್ತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಶುರುವಾಯಿತು. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದರು. 2016ರಲ್ಲಿ ಅದೇ ಖರೀದಿ ಬೆಲೆ 38 ರೂಪಾಯಿಗೆ ಇಳಿಯಿತು. ಕರ್ನಾಟಕದಲ್ಲಿ ಇದು 'ಹೊಸ ಬೆಳಕು' ಅನ್ನುವ ಹೆಸರಿನಲ್ಲಿ ಬಂತು. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬುಗಳು ಈ ಯೋಜನೆಯಲ್ಲಿ ಹಂಚಿಕೆಯಾಗಿವೆ.

ಈಗ ಬಿಲ್ಲಿನ ಲೆಕ್ಕ. 60 ವ್ಯಾಟಿನ ಬಲ್ಬ್ ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದಕ್ಕಿಂತ ತುಸು ಜಾಸ್ತಿಯೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ದೇವರ ಕೋಣೆಯ ಬಲ್ಬಿನದು. ಕೆಂಪಗೆ ಹಸಿರಗೆ ಉರಿಯುವ ಆ ಜೀರೋ ಬಲ್ಬ್ ಕರೆಂಟೇ ತಿನ್ನುವುದಿಲ್ಲ ಅಂತ ನಂಬಿದವರು ಬಹಳ ಜನ. ಹಳೇ ಮಾದರಿಯ ಜೀರೋ ಬಲ್ಬ್ ಸುಮಾರು 15 ವ್ಯಾಟ್ ತಿನ್ನುತ್ತದೆ. ರಾತ್ರಿಯಿಡೀ ಹನ್ನೆರಡು ತಾಸು ಉರಿದರೆ ತಿಂಗಳಿಗೆ 5.4 ಯೂನಿಟ್. ನಾಲ್ಕು ತಾಸು ಓದುವ ಹುಡುಗಿಯ ಮೇಜಿನ 9 ವ್ಯಾಟ್ ಬಲ್ಬಿಗಿಂತ ಐದು ಪಟ್ಟು ಜಾಸ್ತಿ! ಅರ್ಧ ವ್ಯಾಟಿನ ಎಲ್‌ಇಡಿ ಸಿಗುತ್ತದೆ. ಇವತ್ತು ಮನೆಗೆ ಹೋಗಿ ಮೊದಲು ಅದನ್ನು ಬದಲಿಸಿ.

'ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರುವುದಿಲ್ಲ, ಉಳಿಸಿ ಏನು ಮಾಡುವುದು?' ಅಂತ ಕೇಳುವವರಿದ್ದಾರೆ. 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಹೌದು. ಆದರೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆ ನೋಡಿ, ಅದಕ್ಕೆ ತುಸು ಸೇರಿಸಿ ಮಿತಿ ಹಾಕಿದ್ದಾರೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಅದಿರಲಿ, ನಾನು ಬಿಲ್ಲಿಗಿಂತ ದೊಡ್ಡ ಕಾರಣ ಒಂದನ್ನು ನಿಮ್ಮ ಮುಂದೆ ಇಡುತ್ತೇನೆ.

ಉತ್ತರ ಕನ್ನಡದಲ್ಲಿ ಕುಳಿತು ಕರೆಂಟಿನ ಮಾತಾಡುವಾಗ ಅದು ಎಲ್ಲಿಂದ ಬಂತು ಅಂತ ಮರೆಯುವ ಹಾಗಿಲ್ಲ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಸೂಪಾ ಅನ್ನುವ ಊರೇ ನೀರಿನಡಿ ಹೋಯಿತು. ಅಲ್ಲಿನವರು ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದು ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಅದೇ ಕಾಳಿಯ ದಂಡೆಯಲ್ಲಿ ಕೈಗಾ ಅಣುಸ್ಥಾವರ, ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕ. ಕೆಳಗೆ ಗೇರುಸೊಪ್ಪೆಯಲ್ಲಿ, ಮೇಲಿನ ವಿದ್ಯುದಾಗರ ಬಿಟ್ಟ ನೀರಿನಿಂದಲೇ ಮತ್ತೆ ಕರೆಂಟು ಮಾಡುವ ಶರಾವತಿ ಟೇಲ್‌ರೇಸ್. ಬೇಡ್ತಿ ನದಿಗೂ ಅಣೆಕಟ್ಟು ಬರುವುದಿತ್ತು. 1980ರ ಸುಮಾರಿಗೆ ಇದೇ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಲೆಕ್ಕಪತ್ರ ಹಿಡಿದು ಅದನ್ನು ಪ್ರಶ್ನಿಸಿದರು, ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಅಪ್ಪಿ ನಿಂತದ್ದೂ ಇಲ್ಲಿನವರೇ.

ಈಗ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಅದೇನು ಮಾಡುತ್ತದೆ? ಕರೆಂಟು ಹೆಚ್ಚಾಗಿ ಇರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಬಿಟ್ಟು ಕರೆಂಟು ಮಾಡುತ್ತದೆ. ಎತ್ತುವುದಕ್ಕೆ ಹೋಗುವ ಕರೆಂಟು ಯಾವಾಗಲೂ ಮರಳಿ ಬರುವುದಕ್ಕಿಂತ ಜಾಸ್ತಿ. ಆ ನಷ್ಟ ತಿಂದು, ಕಾಡು ಕಡಿದು, ಇದನ್ನು ಕಟ್ಟುವುದು ಯಾಕೆ ಅಂದರೆ ಬೇಡಿಕೆ ಶಿಖರಕ್ಕೇರುವ ಕೆಲವು ತಾಸುಗಳಿಗಾಗಿ. ಸಂಜೆ ಆರರಿಂದ ಹತ್ತು ಆ ತಾಸುಗಳಲ್ಲಿ ಮುಖ್ಯವಾದದ್ದು. ನಾವು ದೀಪ ಹಚ್ಚುವುದೂ ಆಗಲೇ ಅಲ್ವಾ? ದೀಪದ ಉಳಿತಾಯ ಒಂದರಿಂದಲೇ ಕಣಿವೆ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಪಂಪು, ಗೀಸರು, ಕಾರ್ಖಾನೆ, ಏಸಿ ಎಲ್ಲದರ ಪಾಲೂ ಇದೆ. ಆದರೆ ಸಂಜೆಯ ಹೊತ್ತಿನಲ್ಲಿ ಉಳಿದ ಒಂದು ಯೂನಿಟ್ಟಿಗೆ ಮಧ್ಯರಾತ್ರಿಯ ಯೂನಿಟ್ಟಿಗಿಂತ ಬೆಲೆ ಜಾಸ್ತಿ. ಕಾಡಿನ ಪಕ್ಕ ಬದುಕುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಇನ್ನು ಮನೆಯೊಳಗೆ ಬರೋಣ.

ಹಳೇ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಎಲ್‌ಇಡಿ ಬಲ್ಬಿನ ಹಿಂದಿನ ಅರ್ಧ ಬೆಳಗುವುದೇ ಇಲ್ಲ, ಬೆಳಕೆಲ್ಲ ಮುಂದಕ್ಕೆ. ನಮ್ಮ ಮನೆಗಳಲ್ಲಿ ಗೋಡೆಗೆ ಹೋಲ್ಡರ್ ಹೊಡೆದು ಬಲ್ಬನ್ನು ಅಡ್ಡಕ್ಕೆ ಸಿಕ್ಕಿಸುವ ರೂಢಿ. ಹಾಗೆ ಹಾಕಿದಾಗ ಬೆಳಕು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನೆಲ ಮಬ್ಬಾಗಿಯೇ ಇರುತ್ತದೆ. 'ಎಲ್‌ಇಡಿ ಕಣ್ಣಿಗೆ ಚುಚ್ಚುತ್ತದೆ' ಅನ್ನುವ ದೂರಿನ ಅರ್ಧ ಕಾರಣ ಇಲ್ಲಿದೆ. ಬಲ್ಬನ್ನು ಕೆಳಮುಖ ಮಾಡುವ ಹೋಲ್ಡರ್ ಹಾಕಿಸಿ. ಖರ್ಚು ಅಲ್ಪ.

ಎರಡನೆಯದು ಎತ್ತರ. ದೀಪ ಮತ್ತು ಕೆಲಸದ ನಡುವಿನ ದೂರ ಅರ್ಧ ಮಾಡಿದರೆ ಕೆಲಸದ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟು ಆಗುತ್ತದೆ. ಅಡಿಕೆ ಸುಲಿಯುವ ಚಪ್ಪರ ನೆನಪಿಸಿಕೊಳ್ಳಿ. ಹತ್ತಡಿ ಮೇಲೆ ಒಂದು ದೊಡ್ಡ ಫ್ಲಡ್‌ಲೈಟ್ ಕಟ್ಟುತ್ತಾರೆ. ಸುಲಿಯುವವರ ನೆರಳು ಅವರ ಮೆಟ್ಟುಗತ್ತಿಯ ಮೇಲೇ ಬೀಳುತ್ತದೆ. ಸುಲಿಯುವುದು ಬಾಯಿ ಹರಿತವಾದ ಕತ್ತಿಯ ಮೇಲೆ, ರಾತ್ರಿ ಹತ್ತು ಹನ್ನೊಂದರವರೆಗೆ. ಅದರ ಬದಲು ಐದಡಿ ಎತ್ತರಕ್ಕೆ ಇಳಿಸಿದ ನಾಲ್ಕೈದು ಸಣ್ಣ ಬಲ್ಬುಗಳು, ಪ್ರತಿಯೊಂದಕ್ಕೂ ಮೇಲೊಂದು ಬಿಳಿ ಡೋಮು. ಒಟ್ಟು ವ್ಯಾಟ್ ಕಡಿಮೆ, ಬೆಳಕು ಜಾಸ್ತಿ, ನೆರಳು ಇಲ್ಲ. ಕೆಲಸಕ್ಕೆ ಬರುವ ಅಕ್ಕಂದಿರ ಬೆರಳು ಉಳಿಯುತ್ತದೆ. ಚಪ್ಪರದ ಯಜಮಾನರು ಈ ಸಲವೇ ಇದನ್ನು ಮಾಡಬೇಕು ಅಂತ ಕೈಮುಗಿದು ಕೇಳುತ್ತೇನೆ.

ಮನೆಯ ಹಿರಿಯರ ವಿಷಯವೂ ಇದೇ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ವಯಸ್ಸಿನವರಿಗಿಂತ ಬಹಳ ಕಡಿಮೆ, ಸುಮಾರು ಮೂರನೇ ಒಂದು ಪಾಲು. ನಮ್ಮ ಹಳೇ ಮನೆಗಳ ಮರದ ಮುಚ್ಚಿಗೆ, ಹೊಗೆ ಹಿಡಿದ ಅಡುಗೆಮನೆ ಗೋಡೆ, ಕೆಂಪು ಗಾರೆ ನೆಲ ಎಲ್ಲವೂ ಬೆಳಕು ನುಂಗುತ್ತವೆ. ಬಲ್ಬ್ ದೊಡ್ಡದು ಮಾಡುವ ಮೊದಲು ಗೋಡೆಗೆ ಸುಣ್ಣ ಹೊಡೆಯಿರಿ. ಬಚ್ಚಲಿಗೆ ಹೋಗುವ ದಾರಿಯ ಮೆಟ್ಟಿಲಿಗೆ ಒಂದು ಸಣ್ಣ ದೀಪ ಹಾಕಿ.

ಈಗ ಬಣ್ಣ. ಡಬ್ಬದ ಮೇಲೆ 2700ಕೆ, 4000ಕೆ, 6500ಕೆ ಅಂತ ಇರುತ್ತದೆ. ಸಂಖ್ಯೆ ಸಣ್ಣದಾದಷ್ಟು ಬೆಳಕು ಹಳದಿ, ದೊಡ್ಡದಾದಷ್ಟು ನೀಲಿಬಿಳಿ. ಹಳೇ ಬಲ್ಬಿನ ಬೆಳಕು 2700ರ ಹತ್ತಿರದ್ದು. ಮಲಗುವ ಕೋಣೆಗೆ, ಜಗುಲಿಗೆ ಹಳದಿಯೇ ಹಿತ. ರಾತ್ರಿ ಹೊತ್ತು ನೀಲಿ ಜಾಸ್ತಿ ಇರುವ ಬೆಳಕು ನಿದ್ದೆಯನ್ನು ದೂರ ತಳ್ಳುತ್ತದೆ. ಜಗುಲಿಗೆ ಇನ್ನೊಂದು ಕಾರಣವೂ ಇದೆ. ಹುಳಗಳಿಗೆ ನೀಲಿಯ ಸೆಳೆತ ಜಾಸ್ತಿ, ಹಳದಿ ದೀಪಕ್ಕೆ ಮಳೆಹುಳ ಮುತ್ತುವುದು ಕಡಿಮೆ.

ಬಣ್ಣದ ಇನ್ನೊಂದು ಗುಣ ಸಿಆರ್‌ಐ. ವಸ್ತುಗಳ ನಿಜವಾದ ಬಣ್ಣ ಆ ಬೆಳಕಿನಲ್ಲಿ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕ. ಹಳೇ ಬಲ್ಬಿಗೆ ನೂರಕ್ಕೆ ನೂರು. ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ನೀಲಿ ಮತ್ತು ಹಳದಿ ಸೇರಿ ಬಿಳಿ ಆಗುತ್ತದೆ ಅಂದೆನಲ್ಲ, ಅದರಲ್ಲಿ ಗಾಢ ಕೆಂಪು ಕಡಿಮೆ. ಯಕ್ಷಗಾನ ನೋಡುವವರಿಗೆ ಇದು ಗೊತ್ತಿರುತ್ತದೆ. ದೀವಟಿಗೆಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ಬೆಳೆದ ವೇಷ ಅದು. ಅಗ್ಗದ ಬಿಳಿ ಫ್ಲಡ್‌ಲೈಟ್ ಹಾಕಿದ ರಂಗದಲ್ಲಿ ಮುಖದ ಕೆಂಪು ಮಂಕಾಗುತ್ತದೆ, ಕಲಾವಿದ ಎರಡು ತಾಸು ಕುಳಿತು ಬರೆದ ಬಣ್ಣ ಸತ್ತುಹೋಗುತ್ತದೆ. ಆಟ ಮಾಡಿಸುವವರು 90ಕ್ಕಿಂತ ಮೇಲಿನ ಸಿಆರ್‌ಐ ಇರುವ, ಹಳದಿ ಕಡೆಗಿನ ದೀಪ ಹಾಕಿಸಬೇಕು. ಮನೆಯಲ್ಲೂ ಇದು ಬೇಕಾಗುತ್ತದೆ. ರಾತ್ರಿ ದೀಪದಲ್ಲಿ ಅಡಿಕೆ ಆರಿಸುವಾಗ ಚಾಲಿ, ಬಿಳೆಗೋಟು, ಕೆಂಪುಗೋಟು ಬೇರೆ ಮಾಡುವುದು ಬಣ್ಣ ನೋಡಿಯೇ. ಕರಾವಳಿಯವರು ಮೀನಿನ ಕಿವಿರು ಕೆಂಪಗಿದೆಯೋ ಇಲ್ಲವೋ ಅಂತ ನೋಡಿಯೇ ಕೊಳ್ಳುತ್ತಾರೆ. ಅಂಥ ಜಾಗಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿಸಬೇಡಿ.

'25,000 ತಾಸು ಅಂತ ಬರೆದಿದ್ದಾರೆ, ಒಂದು ವರ್ಷಕ್ಕೇ ಹೋಯಿತು' ಅನ್ನುವುದು ಎಲ್ಲ ಕಡೆ ಕೇಳುವ ಮಾತು. ಅಷ್ಟು ಬೇಗ ಹೋದರೆ ಬಹಳ ಸಲ ಹೋಗಿರುವುದು ದೀಪವಲ್ಲ, ಡ್ರೈವರ್. ಅದರೊಳಗಿನ ಕೆಪಾಸಿಟರ್ ಅನ್ನುವ ಬಿಡಿಭಾಗ ಶಾಖಕ್ಕೆ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಎಲ್‌ಇಡಿ ಹಾಕಬೇಡಿ. ಮುಂದಿನದು ಸಿಡಿಲು. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಗುಡುಗು ಮಳೆ. ಅದೇ ಹೊತ್ತಿಗೆ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಕೆಲಸ ಮಾಡದ ಸ್ಥಿತಿಯಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕಿ. ಮೇನ್ ಬೋರ್ಡಿನಲ್ಲಿ, ಒಮ್ಮೆಗೇ ನುಗ್ಗುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಮಳೆಗಾಲದಲ್ಲಿ ಲೈನಿನ ನ್ಯೂಟ್ರಲ್ ತಂತಿ, ಅಂದರೆ ಕರೆಂಟು ಮರಳಿ ಹೋಗುವ ತಂತಿ, ಹರಿದರೆ ಮನೆಗೆ ನಾನೂರು ವೋಲ್ಟಿನ ಹತ್ತಿರ ಬರಬಹುದು. ದೀಪ ಒಮ್ಮೆಗೇ ವಿಪರೀತ ಬೆಳಗಿದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಉಪ್ಪುಗಾಳಿಯ ಕಾಟ. ಹೋಲ್ಡರಿನ ಹಿತ್ತಾಳೆ ಪಿನ್ನು ಹಸಿರುಗಟ್ಟಿ ಕಿಡಿ ಹಾರುತ್ತದೆ, ಬಲ್ಬ್ ಮಿಣುಕುತ್ತದೆ. ಬಲ್ಬ್ ಬದಲಿಸುವ ಮೊದಲು ಹೋಲ್ಡರ್ ಬದಲಿಸಿ. ಹೊರಗಡೆಗೆ ಐಪಿ 65 ಅಂತ ಬರೆದಿರುವ, ನೀರು ನುಗ್ಗದ ದೀಪವೇ ಬೇಕು. ಗುಣಮಟ್ಟಕ್ಕೆ ಬಿಐಎಸ್ ಗುರುತು, ಕರೆಂಟು ಉಳಿತಾಯಕ್ಕೆ ಬಿಇಇಯ ಸ್ಟಾರ್, ಈ ಎರಡೂ ಇರುವ ಬಲ್ಬನ್ನೇ ತನ್ನಿ.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಬೆಳಕು ಅಗ್ಗವಾದಾಗ ನಾವು ಅದನ್ನು ಸುಮ್ನೆ ಚೆಲ್ಲುತ್ತೇವೆ. ಸಮುದ್ರದಲ್ಲಿ ಏನಾಯಿತು ನೋಡಿ. ದೋಣಿಗೆ ಭಾರೀ ಎಲ್‌ಇಡಿ ದೀಪ ಕಟ್ಟಿ, ಮೀನನ್ನು ಸೆಳೆದು, ಮರಿಗಳನ್ನೂ ಬಿಡದೆ ಬಾಚುವ ಮೀನುಗಾರಿಕೆ ಬಂತು. ಸಾಂಪ್ರದಾಯಿಕ ಮೀನುಗಾರರ ಬಲೆ ಬರಿದಾಯಿತು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ಮೀರುವವರ ವಿರುದ್ಧ ನಮ್ಮ ಕರಾವಳಿಯಲ್ಲಿ ಆಮೇಲೂ ಹೋರಾಟ ನಡೆಯುತ್ತಲೇ ಬಂದಿದೆ. ಹೊನ್ನಾವರದ ಕಾಸರಕೋಡಿನಂಥ ಕಡೆ ಕಡಲಾಮೆ ಮೊಟ್ಟೆಯಿಡುತ್ತದೆ. ಮರಿಗಳು ಬೆಳಕಿರುವ ಕಡೆ ಸಮುದ್ರ ಇದೆ ಅಂದುಕೊಂಡು ಹೊರಡುತ್ತವೆ. ದಂಡೆಯ ರೆಸಾರ್ಟಿನ ಬಿಳಿ ದೀಪ ಅವುಗಳನ್ನು ರಸ್ತೆಗೆ ಕರೆಯುತ್ತದೆ. ಘಟ್ಟದ ಮೇಲೆ ಮೇ ತಿಂಗಳ ಮಿಂಚುಹುಳಗಳಿಗೂ ಇದೇ ಗತಿ. ಗಂಡು ಹೆಣ್ಣು ಒಂದನ್ನೊಂದು ಹುಡುಕುವುದು ಮಿನುಗಿನಿಂದ, ಅಂಗಳದ ಫ್ಲಡ್‌ಲೈಟಿನಲ್ಲಿ ಆ ಮಿನುಗು ಕಾಣುವುದಿಲ್ಲ. ತೋಟದ ಕಡೆಗೆ ಮುಖ ಮಾಡಿ ರಾತ್ರಿಯಿಡೀ ಉರಿಯುವ ದೀಪ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಆರಿಸಿ. ಕಾಡುಹಂದಿ ಬರುತ್ತದೆ ಅನ್ನುವವರು ಓಡಾಡಿದಾಗ ಮಾತ್ರ ಹತ್ತುವ ಸೆನ್ಸರ್ ದೀಪ ಹಾಕಿಸಿ.

ಇಷ್ಟು ಹೇಳಿದ ಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು. ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದ್ದು: 'ಮಳೆಗಾಲದಲ್ಲಿ ಬಟ್ಟೆ ಕಪಾಟಿನೊಳಗೆ ಬೂಸ್ಟು ಬರಬಾರದು ಅಂತ ಹಳೇ ಬಲ್ಬ್ ಉರಿಸುತ್ತೇವೆ. ಅದನ್ನೂ ಬಿಡಬೇಕಾ?' ಅಲ್ಲಿ ನಿಮಗೆ ಬೇಕಾಗಿರುವುದು ಶಾಖ, ಹಾಗಾಗಿ ಎಲ್‌ಇಡಿ ಆಗದು. ಕೋಳಿಮರಿ ಬೆಚ್ಚಗಿಡುವುದಕ್ಕೂ ಹಾಗೇ. ಆದರೆ 25 ವ್ಯಾಟಿಗಿಂತ ದೊಡ್ಡದು ಬೇಡ, ಬಟ್ಟೆಗೆ ತಾಗದಂತೆ ಸುತ್ತ ತಂತಿಯ ಬಲೆ ಇರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ.

ಇನ್ನೊಬ್ಬರದು: 'ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಂದವಾಗಿ ಉರಿಯುತ್ತಲೇ ಇರುತ್ತದೆ ತಮ್ಮಾ, ಯಾಕೆ?' ಅಮ್ಮಾ, ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಹಾಗಾಗಬಹುದು. ಇಲ್ಲದಿದ್ದರೆ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುವ ಸಂಭವ ಇದೆ. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ, ಬಲ್ಬ್ ತೆಗೆಯುವಾಗ ಶಾಕ್ ಹೊಡೆಯುತ್ತದೆ. ನಾಳೆಯೇ ಎಲೆಕ್ಟ್ರಿಷಿಯನ್ ಕರೆದು ತೋರಿಸಿ.

ಕೊನೆಯದು ಹಳೇ ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳದ್ದು. ಅಟ್ಟದ ಮೇಲೆ ರಾಶಿ ಇದೆ, ತೋಟದ ಗುಂಡಿಗೆ ಹಾಕಬಹುದಾ ಅಂತ. ಖಂಡಿತ ಬೇಡ. ಒಂದೊಂದರಲ್ಲಿ ಕೆಲವೇ ಮಿಲಿಗ್ರಾಂ ಪಾದರಸ, ಆದರೆ ಅದು ಮಣ್ಣಿನಿಂದ ಹಳ್ಳಕ್ಕೆ, ಹಳ್ಳದಿಂದ ಮೀನಿಗೆ ಸೇರುತ್ತದೆ. ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗೆ ಇರಿ. ಆಮೇಲೆ ಗಟ್ಟಿ ರಟ್ಟಿನಿಂದ ಚೂರು ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಕಸಬರಿಗೆಯಿಂದ ಗುಡಿಸಬೇಡಿ. ಒಡೆಯದವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ಇಡಿ. ಇ-ತ್ಯಾಜ್ಯ ನಿಯಮದ ಪ್ರಕಾರ ಇವು ಬೇರೆಯಾಗಿಯೇ ಹೋಗಬೇಕು. ಒಂದು ಮನೆಯ ನಾಲ್ಕು ಬಲ್ಬಿಗಾಗಿ ಯಾರೂ ಗಾಡಿ ತರುವುದಿಲ್ಲ. ಊರಿನ ಸಂಘದವರು, ಪಂಚಾಯತಿಯವರು ವರ್ಷಕ್ಕೆ ಒಂದು ದಿನ ಗೊತ್ತು ಮಾಡಿ ಎಲ್ಲರ ಮನೆಯದನ್ನೂ ಒಟ್ಟು ಮಾಡಿದರೆ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬಹುದು. ಸಭೆಯಲ್ಲಿದ್ದ ಇಬ್ಬರು ಪಂಚಾಯತಿ ಸದಸ್ಯರು ದೀಪಾವಳಿಗೆ ಮುಂಚೆ, ಮನೆ ಸಾರಿಸಿ ಅಟ್ಟ ಇಳಿಸುವ ವಾರದಲ್ಲೇ ಅದನ್ನು ಇಟ್ಟುಕೊಳ್ಳೋಣ ಅಂದರು.